ಹುಳಿಮಡಕೆಯಿಂದ ಅಷ್ಟೇ ತನಕ

"ನಿನ್ನ ಜರಡಿಗಿಷ್ಟು ಬೆಂಕಿ ಹಾಕ! ಹನ್ನೊಂದು ವರ್ಷದಿಂದ ಒಂದು ಕಾಗದ ಹಿಡಿಯಕ್ಕಾಗ್ದಿರೋ ಜರಡಿ, ಅದೂ ಒಂದು ಜರಡಿನಾ ಬೋರಕ್ಕ? ಅದರಲ್ಲಿ ಹಿಟ್ಟು ಹಾಕಿದ್ರೆ ಹುಳ ಎಲ್ಲಾ ಕೆಳಕ್ಕೆ ಬಿದ್ದು ಹಿಟ್ಟು ಮೇಲೆ ಉಳಿಯುತ್ತೆ!"

"ಲೋ ಜವರ, ಬಾಯಿ ಬಿಗಿ ಹಿಡಿ. ನನ್ನ ಜರಡಿ ನೆಟ್ಟಗಿದೆ. ಬರೆದಿದ್ರೆ ತಾನೆ ಸಿಗೋದು? ನಿಮ್ಮಕ್ಕ ಬರೆದಿಲ್ಲ. ಬರೆಯೋದೂ ಇಲ್ಲ. ಈ ಮಾತನ್ನ ನಾನು ಮೊದಲನೇ ವರ್ಷವೇ ಹೇಳ್ಬೇಕಿತ್ತು."

ಹೇಳಿದ ಮೇಲಾದರೂ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ನಾನು ಕಚ್ಚಿಕೊಳ್ಳಲಿಲ್ಲ. ಚೀಟಿ ಅಂಟಿಸುವ ಗಂಜಿಯ ಪಾತ್ರೆಯನ್ನು ಎತ್ತಿ ಮೇಜಿನ ಮೇಲೆ ಕುಕ್ಕಿದೆ. ಗಂಜಿ ಎಗರಿ ಅವನ ಅಂಗಿಯ ಎದೆಯ ಮೇಲೆಲ್ಲ ಬಿತ್ತು. ಜವರಯ್ಯ ಅಂಗಿ ಒರೆಸಿಕೊಳ್ಳಲಿಲ್ಲ, ತಿರುಗಿ ಬೈಯಲೂ ಇಲ್ಲ. "ಆಯ್ತು ಬಿಡಕ್ಕ" ಎಂದು ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು. ಜಗಳಕ್ಕೆ ನಿಲ್ಲದೆ ಹೋಗುವ ಮನುಷ್ಯನನ್ನು ಕಂಡರೆ ನನಗೆ ಎರಡರಷ್ಟು ಸಿಟ್ಟು ಬರುತ್ತದೆ.

ನಮ್ಮೂರಿಗೆ ಕಾಗದಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಸಾಲುಮನೆಯ, ಅಂದರೆ ನಮ್ಮೂರ ಅಂಚೆಮನೆಯ, ಹಿಂಗೋಡೆಯ ಕಲ್ಲಿನ ಬಾಯಿಯಿಂದ ಪಟ್ಟಿ ಇಳಿಯಲು ಶುರುವಾಗುತ್ತದೆ. ಮೂರು ಬೆರಳಗಲದ ಬಿಳಿ ಹತ್ತಿಯ ಪಟ್ಟಿ, ಅದರ ಮೇಲೆ ನೀಲಿ ಅಕ್ಷರ. ಆ ವಾರ ಊರಿನವರಿಗೆ ಯಾರು ಯಾರು ಎಲ್ಲೆಲ್ಲಿಂದ ಏನೇನು ಬರೆದಿದ್ದರೋ ಅದೆಲ್ಲ ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಕೊಂಡು, ನಡುವೆ ಸಾಸಿವೆಯಷ್ಟೂ ತೆರಪಿಲ್ಲದೆ ಒಂದೇ ಸಾಲಾಗಿ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತದೆ. ಅಷ್ಟುದ್ದದಲ್ಲಿ ನಿಮ್ಮದು ಯಾವುದು ಎಂದು ಕಣ್ಣಾಡಿಸಿ ಹುಡುಕುವ ಹಾಗಿಲ್ಲ. ಹಾಗೆ ಹುಡುಕಿದರೆ ಪಕ್ಕದ ಮನೆಯವರ ಕಾಗದ ಓದಿದಂತಾಗುತ್ತದೆ. ಅದಕ್ಕೇ ನಾನು, ನನ್ನ ಮೇಜು, ನನ್ನ ಜರಡಿ ಚೀಟಿ.

ಜರಡಿ ಬರೆಯುವುದು ಕೈ ಪಳಗಿದವರಿಗೆ ಕಷ್ಟದ ಕೆಲಸವಲ್ಲ. ತೆಳು ಬಟ್ಟೆಯ ಚೀಟಿಯ ಮೇಲೆ ಮೊದಲಿಗೆ ಕಾಗದ ಶುರುವಾಗುವ ಮಾತನ್ನು ಬರೆಯಬೇಕು, ಕೊನೆಗೆ ಕಾಗದ ಮುಗಿಯುವ ಮಾತನ್ನು. ನಡುವೆ ಸಾಲಾಗಿ ಚುಕ್ಕಿ. ಚುಕ್ಕಿ ಎಂದರೆ ಇಲ್ಲಿ ಏನು ಬೇಕಾದರೂ ಇರಲಿ, ಎಷ್ಟು ಬೇಕಾದರೂ ಇರಲಿ ಎಂದು. ಚುಕ್ಕಿಗಳ ಕೆಳಗೆ ಒಂದು ಕೊಕ್ಕೆ. ಮುಗಿಯುವ ಮಾತು ಮೊದಲ ಸಲ ಎಲ್ಲಿ ಸಿಗುತ್ತದೋ ಅಲ್ಲೇ ನಿಂತುಬಿಡು ಎಂದು ಆ ಕೊಕ್ಕೆ ಹೇಳುತ್ತದೆ. ಕೊಕ್ಕೆ ಇಲ್ಲದ ಚುಕ್ಕಿ ಹೊಟ್ಟೆಬಾಕ. ಮೊದಲನೆಯದನ್ನು ದಾಟಿ, ಎರಡನೆಯದನ್ನು ದಾಟಿ, ಕಟ್ಟಕಡೆಯದು ಸಿಗುವ ತನಕ ನಡುವೆ ಇರುವ ಹತ್ತು ಜನರ ಕಾಗದವನ್ನೆಲ್ಲ ನುಂಗಿಕೊಂಡು ಹೋಗುತ್ತದೆ. ಚೀಟಿಯನ್ನು ಅರಿಶಿನದ ನೀರಿಗೆ ಅದ್ದಿ ಪಟ್ಟಿಯ ತುದಿಗೆ ಗಂಜಿ ಹಚ್ಚಿ ಅಂಟಿಸಿದರೆ, ಪಟ್ಟಿಯಲ್ಲಿ ಜರಡಿಗೆ ಒಪ್ಪಿದಷ್ಟು ಭಾಗ ಹಳದಿಯಾಗುತ್ತದೆ. ಸಾಲುಮನೆಯ ಕತ್ತರಿ ಹಿಡಿದಿರುವ ಕಾಳಿಂಗಯ್ಯನವರು ಅಷ್ಟನ್ನು ಕತ್ತರಿಸಿ ಕೊಡುತ್ತಾರೆ. ಉಳಿದ ಎರಡು ತುದಿಗಳನ್ನು ಹೊಲಿದು ಸೇರಿಸುತ್ತಾರೆ. ಆಮೇಲೆ ಮುಂದಿನವರ ಸರದಿ.

ಸಂಜೆಗೆ ಯಾರ ಜರಡಿಗೂ ಸಿಗದೆ ಒಂದಷ್ಟು ಪಟ್ಟಿ ಉಳಿದೇ ಉಳಿಯುತ್ತದೆ. ಅದಕ್ಕೆ ಉಳಿಕೆ ಎನ್ನುತ್ತೇವೆ. ಅದನ್ನು ಮನೆಮನೆಗೆ ಸರದಿಯಂತೆ ಮಾರು ಹಾಕಿ ಕೊಡುತ್ತಾರೆ, ಮಂಚ ಹೆಣೆಸಿಕೊಳ್ಳಲು. ನಮ್ಮೂರಲ್ಲಿ ಬೇರೆ ನವಾರು ಯಾರೂ ಕೊಳ್ಳುವುದಿಲ್ಲ. ಉಳಿಕೆಯನ್ನು ಓದಬಾರದು, ಅಕ್ಷರ ಕೆಳಮುಖವಾಗಿ ಹೆಣೆಯಬೇಕು. ಇದು ಊರಿನ ಕಟ್ಟು. ಹಾಗಾಗಿ ಊರಿಗೆ ಊರೇ ದಿಕ್ಕು ತಪ್ಪಿದ ಮಾತುಗಳ ಮೇಲೆ ಮಲಗುತ್ತದೆ. ನಿದ್ದೆಗೇನೂ ತೊಂದರೆಯಿಲ್ಲ. ಚೆನ್ನಾಗಿಯೇ ಬರುತ್ತದೆ.

ಆ ಮಂಚಗಳನ್ನೆಲ್ಲ ಹೆಣೆಯುವವನೇ ಈ ಜವರಯ್ಯ.

ಅವನು ನಮ್ಮೂರಿನವನಲ್ಲ. ಹನ್ನೊಂದು ವರ್ಷದ ಹಿಂದೆ ಉಂಡ ಕೈ ತೊಳೆಯದೆ ಮನೆ ಬಿಟ್ಟು ಬಂದವನು. ತಾಯಿ ಸತ್ತಾಗ ಅವನು ಇನ್ನೂ ಅಂಬೆಗಾಲಿಡುವ ಕೂಸು. ಅಕ್ಕ ಕೆಂಪಮ್ಮನೇ ಸೊಂಟದ ಮೇಲೆ ಹೊತ್ತು ಸಾಕಿದಳಂತೆ. ಒಂದು ದಿನ ಉಣ್ಣುತ್ತಿರುವಾಗ ಅವಳು, "ನೀನು ಹೆಣೆದ ಮಂಚದ ಮೇಲೆ ನಾಯಿ ಕೂಡ ಮಲಗಲ್ಲ" ಎಂದಳಂತೆ. ಇವನು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದ. "ನೀನಾಗಿ ಕರೆಯೋ ತನಕ ಈ ಹೊಸಿಲು ತುಳಿಯಲ್ಲ" ಎಂದ. "ಕರೆದ್ರೆ ನೋಡು" ಎಂದಳು ಅವಳು. ಮೂರು ದಿನ ನಡೆದು ನಮ್ಮೂರಿಗೆ ಬಂದ. ಮಡಕೆ ಮಾರುವವರ ಬಾಯಲ್ಲಿ ತಾನಿರುವ ಊರಿನ ಹೆಸರನ್ನು ಅಕ್ಕನಿಗೆ ಮುಟ್ಟಿಸಿದ. ಆಮೇಲೆ ಪ್ರತಿ ಸೋಮವಾರ ನನ್ನ ಮೇಜಿನ ಮುಂದೆ ಬಂದು ನಿಂತ. ಓದಲು ಬರೆಯಲು ಬಾರದವನು. ನಾನೇ ಚೀಟಿ ಬರೆಯುತ್ತಿದ್ದೆ: ಶುರುವಿಗೆ 'ಚಿರಂಜೀವಿ ತಮ್ಮ ಜವರಯ್ಯನಿಗೆ', ನಡುವೆ ಚುಕ್ಕಿ, ಕೆಳಗೆ ಕೊಕ್ಕೆ, ಕೊನೆಗೆ 'ಇಂತಿ ನಿನ್ನ ಅಕ್ಕ'. ಒಂದು ವಾರವೂ ಪಟ್ಟಿ ಹಳದಿಯಾಗಲಿಲ್ಲ. ಅವನು "ಮುಂದಿನ ವಾರ ನೋಡಾಣ" ಎಂದು ಹೋಗುತ್ತಿದ್ದ. ನಾಯಿಯೂ ಮಲಗದ ಮಂಚ ಹೆಣೆಯುತ್ತಾನೆ ಅನ್ನಿಸಿಕೊಂಡವನು ಇಲ್ಲಿ ಎಂಥ ಮಂಚ ಹೆಣೆದ ಅಂದರೆ, ಮೂರೆಳೆ ಮೇಲೆ ಎರಡೆಳೆ ಕೆಳಗೆ ಹಾಕಿ ಅವನು ತೆಗೆಯುವ ಕವಡೆ ಕಣ್ಣಿನ ಹೆಣಿಗೆಯ ಮೇಲೆ ಬಿದ್ದರೆ ಸೊಂಟನೋವು ಇದ್ದ ಜಾಗವೇ ಮರೆತುಹೋಗುತ್ತದೆ. ನನ್ನ ಮಂಚವೂ ಅವನದೇ ಕೈಯದು.

ಅಂಥವನ ಮೇಲೆ ಅವತ್ತು ಗಂಜಿ ಎರಚಿದೆ.

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ನನ್ನ ಕಸುಬಿನ ಬಗ್ಗೆ ಮಾತಾಡಿದನಲ್ಲ! ಇಪ್ಪತ್ತಮೂರು ವರ್ಷ ಬರೆದಿದ್ದೇನೆ. ನನ್ನ ಒಂದು ಚೀಟಿಯೂ ಒಬ್ಬರ ಕಾಗದವನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಊಟ ಸೇರಲಿಲ್ಲ. ಚೀಟಿಯ ಬಟ್ಟೆ ಒಂದು ತುಂಡು ಎಳೆದುಕೊಂಡು ಬರೆದೆ. 'ಇನ್ನೊಂದು ಸಲ ನನ್ನ ಮೇಜಿನ ಹತ್ತಿರ ಸುಳಿದರೆ ಗಂಜಿ ಅಲ್ಲ, ಕುದಿಯುವ ನೀರು ಸುರಿಯುತ್ತೇನೆ. ನಿನ್ನ ಮುಖಕ್ಕೆ ಹನ್ನೊಂದು ವರ್ಷ ಚೀಟಿ ಬರೆದದ್ದೇ ನನ್ನ ತಪ್ಪು. ತೊಲಗು.' ಪಕ್ಕದ ಮನೆಯ ಮುದ್ದಮ್ಮನನ್ನು ಕೂಗಿ ಇದನ್ನು ಜವರನಿಗೆ ಕೊಟ್ಟು ಬಾ ಎಂದೆ.

ಮುದ್ದಮ್ಮನಿಗೆ ಎಪ್ಪತ್ತು ದಾಟಿದೆ. ಹಲ್ಲು ಹೋದರೂ ಮಾತಿನ ಮೊನೆ ಹೋಗಿಲ್ಲ. ಚೀಟಿಯನ್ನು ಆಚೆ ಈಚೆ ತಿರುಗಿಸಿ ನೋಡಿ, "ಅವನಿಗೆ ಓದಕ್ಕೆ ಬರಲ್ಲ. ನನಗೂ ಬರಲ್ಲ. ಕೊಟ್ಟು ಏನು ಮಾಡ್ಲವ್ವ, ಇಬ್ರೂ ಮೂಸಿ ನೋಡಾಣಾ?" ಎಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಕಿತ್ತುಕೊಂಡು ಹರಿಯಲು ಹೋದೆ. ಹರಿಯುವ ಮೊದಲು ಒಂದು ಸಲ ಕಣ್ಣು ಹಾಯಿಸಿದೆ. ಅಲ್ಲೇ ಕೂತುಬಿಟ್ಟೆ.

ಕಾಗದಕ್ಕೆ ತಲೆ ಇರಲಿಲ್ಲ. ಬಾಲವೂ ಇರಲಿಲ್ಲ. ಚಿರಂಜೀವಿ ಇಲ್ಲ, ಜವರಯ್ಯನಿಗೆ ಎಂದಿಲ್ಲ, ಇತ್ತ ಕ್ಷೇಮ ಎಂದಿಲ್ಲ, ಇಂತಿ ಬೋರಮ್ಮ ಎಂದಿಲ್ಲ. ಊರ ಶಾಲೆಯಲ್ಲಿ ನಾನು ಓದಿದ್ದು ಏಳನೇ ತರಗತಿ. ಕಾಗದಕ್ಕೆ ಪೀಠಿಕೆ ಹಾಕದೆ ವಿಷಯಕ್ಕೆ ಬಂದಿದ್ದಕ್ಕೆ ನಮ್ಮ ಮೇಷ್ಟ್ರು ಬೆರಳ ಗೆಣ್ಣಿನ ಮೇಲೆ ಅಡಿಕೋಲಿನಿಂದ ಹೊಡೆದಿದ್ದರು. ಅವತ್ತಿನಿಂದ ಕಾಗದ ಎಂದರೆ ನನಗೆ ಒಂದೇ ರೂಪ. ಹಿರಿಯರಿಗೆ ತೀರ್ಥರೂಪು, ಕಿರಿಯರಿಗೆ ಚಿರಂಜೀವಿ, ಕೊನೆಗೆ ಇಂತಿ. ಇಪ್ಪತ್ತಮೂರು ವರ್ಷ ಆ ರೂಪಕ್ಕೇ ಜರಡಿ ಬರೆದೆ. ಒಪ್ಪಿದ್ದು ಸಿಕ್ಕಿತು. ಒಪ್ಪದ್ದು ಇರಲೇ ಇಲ್ಲ ಎಂದುಕೊಂಡೆ. ಸಿಟ್ಟು ಬಂದವರು ಪೀಠಿಕೆ ಹಾಕುವುದಿಲ್ಲ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು! ತಮ್ಮ ಅರ್ಧ ಮುದ್ದೆ ಬಿಟ್ಟು ಎದ್ದುಹೋದ ಮೇಲೆ ಆ ಹೆಂಗಸು 'ಚಿರಂಜೀವಿ ತಮ್ಮ ಜವರಯ್ಯನಿಗೆ ಆಶೀರ್ವಾದಗಳು' ಎಂದು ಶುರು ಮಾಡುತ್ತಾಳೆಯೇ?

"ಯಾಕವ್ವ, ಬೆವರ್ತಿದ್ದೀಯ" ಎಂದಳು ಮುದ್ದಮ್ಮ.

"ನನ್ನ ಜರಡಿಗಿಷ್ಟು ಬೆಂಕಿ ಹಾಕ" ಎಂದು ಎದ್ದೆ.

ಜವರಯ್ಯ ತನ್ನ ಅಂಗಳದ ಬೇವಿನ ಮರದ ಕೆಳಗೆ ಯಾರದೋ ಮಂಚಕ್ಕೆ ಪಟ್ಟಿ ಎಳೆಯುತ್ತಿದ್ದ. ಅಂಗಿಯ ಮೇಲೆ ಗಂಜಿ ಒಣಗಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದರೂ ನೋಡದವನಂತೆ ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡ. ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಬರುವ ಮಾತಲ್ಲ. ಅದಕ್ಕೇ ನೇರವಾಗಿ ಕೇಳಿದೆ.

"ನಿಮ್ಮಕ್ಕ ನಿನ್ನ ಹೆಂಗೆ ಬೈತಾಳೆ?"

"ಯಾಕೆ, ನಿನ್ನ ಬೈಗುಳ ಖಾಲಿ ಆಯ್ತಾ? ಸಾಲ ಕೇಳಕ್ಕೆ ಬಂದ್ಯಾ?"

"ಕೇಳಿದ್ದಕ್ಕೆ ಉತ್ತರ ಹೇಳೋ ಮೂದೇವಿ. ಅವಳಿಗೆ ನಿಜವಾಗ್ಲೂ ಸಿಟ್ಟು ಬಂದಾಗ ಮೊದಲು ಬಾಯಿಗೆ ಬರೋ ಮಾತು ಯಾವುದು?"

ಅವನು ಹಲ್ಲಿನಿಂದ ಪಟ್ಟಿ ಬಿಟ್ಟ. ಐವತ್ತರ ಹತ್ತಿರದ ಗಂಡಸು, ಮುಖ ಕೆಂಪಾಗಿ ನೆಲ ನೋಡಿದ. "ಹುಳಿಮಡಕೆ ಅಂತಾಳೆ."

"ಏನು?"

"ಹುಳಿಮಡಕೆ ಕಣಕ್ಕ. ಚಿಕ್ಕೋನಿದ್ದಾಗ ಯಾವಾಗ್ಲೂ ಮುಖ ಸಿಂಡರಿಸ್ಕೊಂಡು ಕೂತಿರ್ತಿದ್ದೆ ಅಂತೆ. ಸಿಟ್ಟು ಬಂತು ಅಂದ್ರೆ ಹೆಸರು ಹಿಡಿದು ಕರೆಯೋದೇ ಇಲ್ಲ. ಹುಳಿಮಡಕೆ ಅಂತಲೇ ಶುರು ಮಾಡೋಳು."

"ಮುಗಿಸೋದು?"

"ಅಷ್ಟೇ, ಅಂತಾಳೆ. ಅಷ್ಟೇ ಅಂದ್ಳು ಅಂದ್ರೆ ಆ ದಿನ ಮತ್ತೆ ಮಾತಿಲ್ಲ. ಪಾತ್ರೆ ಸದ್ದು ಮಾತ್ರ."

"ಹುಳಿಮಡಕೆ. ಚುಕ್ಕಿ. ಅಷ್ಟೇ" ಎಂದೆ ನಾನು, ನನಗೆ ನಾನೇ ಎನ್ನುವಂತೆ.

ಅವನಿಗೆ ಓದು ಬಾರದಿರಬಹುದು, ಹನ್ನೊಂದು ವರ್ಷ ನನ್ನ ಮೇಜಿನ ಮುಂದೆ ನಿಂತವನಿಗೆ ಜರಡಿ ಎಂದರೇನು ಎಂದು ಗೊತ್ತು. ನಿಧಾನವಾಗಿ ಕೇಳಿದ. "ಹಂಗಾದ್ರೆ ಬಂದಿರಬೋದಾ ಅಕ್ಕ?"

"ಬಂದಿರಬೋದು."

"ಬಂದು, ನಿನ್ನ ಜರಡಿಗೆ ಸಿಗದೆ ಹೋಗಿದ್ರೆ, ಈಗ ಎಲ್ಲಿರುತ್ತೆ?"

ಇಬ್ಬರೂ ಅವನ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದೆವು. ಉಳಿಕೆ. ಹನ್ನೊಂದು ವರ್ಷದ ಉಳಿಕೆಯೆಲ್ಲ ಅವನ ಕೈಯಲ್ಲೇ ಹಾದುಹೋಗಿತ್ತು. ಎಳೆದು, ತಿರುವಿ, ಅಕ್ಷರ ಕೆಳಗೆ ಮಾಡಿ, ಬಿಗಿದಿದ್ದ. ಅವನು ಪಟ್ಟಿಯನ್ನು ಹಾವು ಹಿಡಿದವನಂತೆ ಮೆಲ್ಲಗೆ ಕೆಳಗಿಟ್ಟ.

ಕಾಳಿಂಗಯ್ಯನವರ ಒಪ್ಪಿಗೆ ಇಲ್ಲದೆ ಉಳಿಕೆ ಮುಟ್ಟುವ ಹಾಗಿಲ್ಲ. ಅವರು ಕತ್ತರಿ ಹಿಡಿದು ನಲವತ್ತು ವರ್ಷ ಆಗಿದೆ. ಕಟ್ಟು ಎಂದರೆ ಅವರಿಗೆ ಕಟ್ಟೇ. "ಆಗಲ್ಲಮ್ಮ. ಉಳಿಕೆ ಓದೋ ಹಾಗಿಲ್ಲ. ಇವತ್ತು ಇವನು, ನಾಳೆ ಇನ್ನೊಬ್ಬ. ಊರಲ್ಲಿ ಗುಟ್ಟು ಅನ್ನೋದು ಇರುತ್ತಾ?"

"ಓದೋರು ಯಾರು ಕಾಳಿಂಗಯ್ಯನೋರೆ? ಮಂಚ ಮಗುಚಿ ಹಾಕಿ, ಪಟ್ಟಿ ತುದಿಗೆ ಚೀಟಿ ಅಂಟಿಸ್ತೀನಿ. ಹಳದಿ ಆದ್ರೆ ಅವನದು. ಆಗದಿದ್ರೆ ನಿಮ್ಮ ಉಳಿಕೆ ನಿಮ್ಮ ಹತ್ರಾನೇ ಇರುತ್ತೆ. ನಾನು ಬೇಕಾದ್ರೆ ಕಣ್ಣಿಗೆ ಬಟ್ಟೆ ಕಟ್ಕೋತೀನಿ."

"ನೀನು ಬಾಯಿಗೆ ಕಟ್ಕೊಂಡ್ರೆ ಸಾಕು" ಎಂದರು. ಅಂದರೆ ಒಪ್ಪಿದರು ಎಂದು ಅರ್ಥ. ನಲವತ್ತು ವರ್ಷದಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು ಎಂದು ಆಮೇಲೆ ಅವರ ಹೆಂಡತಿ ಹೇಳಿದರು.

ಎರಡು ದಿನ ಕೂತು ನೂರಿಪ್ಪತ್ತು ಚೀಟಿ ಬರೆದೆ. ಗುರುವಾರ ಬೆಳಿಗ್ಗೆ ಮೂರು ಬೀದಿಯ ಮಂಚಗಳೆಲ್ಲ ಹೊರಗೆ ಬಂದವು. ಕಾಲು ಮೇಲೆ ಮಾಡಿಕೊಂಡು ಬಿಸಿಲಲ್ಲಿ ಸಾಲಾಗಿ ಬಿದ್ದವು. ಹೇಗೂ ಹೊರಗೆ ತಂದಿದ್ದಾಯಿತಲ್ಲ ಎಂದು ಹೆಂಗಸರು ಬಿಸಿನೀರು ಹೊತ್ತು ತಂದು ತಿಗಣೆಗೆ ಹುಯ್ಯತೊಡಗಿದರು. "ಪಟ್ಟಿ ನೆನೆಸಬೇಡ್ರೇ!" ಎಂದು ನಾನು ಕಿರುಚುತ್ತಾ ಒಂದು ಬೀದಿಯಿಂದ ಇನ್ನೊಂದಕ್ಕೆ ಓಡಿದೆ. ಯಾರೋ ಪುರಿ ಹುರಿದು ತಂದರು. ಕೆಲಸಕ್ಕೆ ಹೋಗಬೇಕಾದವರು ಹೋಗಲಿಲ್ಲ. ಜವರಯ್ಯನ ಅಕ್ಕ ಬರೆದಿದ್ದಾಳೋ ಇಲ್ಲವೋ ಎನ್ನುವುದು ಆ ದಿನ ಇಡೀ ಊರಿನ ಮಾತಾಯಿತು.

ಮೊದಲ ಮಂಚ ಮುದ್ದಮ್ಮನದು. ಎಲ್ಲಕ್ಕಿಂತ ಹಳೆಯದು, ಮೊದಲು ನನ್ನದೇ ಆಗಬೇಕು ಎಂದು ಹಟ ಹಿಡಿದಿದ್ದಳು. ಚೀಟಿ ಅದ್ದಿ ಅಂಟಿಸಿದೆ. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಕಾಲಿನ ಹತ್ತಿರ ಹಳದಿ ಹುಟ್ಟಿತು. ಜನ "ಹೋ" ಎಂದರು. ಜವರಯ್ಯ ಮುಂದಕ್ಕೆ ನುಗ್ಗಿದ. ಹಳದಿ ಒಂದು ಎಳೆ ದಾಟಿ ಎರಡನೇ ಎಳೆಗೆ ಹೋಯಿತು, ಮೂರಕ್ಕೆ ಹೋಯಿತು, ನಿಲ್ಲಲಿಲ್ಲ. ಬೆಂಕಿ ಹತ್ತಿದ ಹಾಗೆ ಮಂಚದ ಈ ತಲೆಯಿಂದ ಆ ತಲೆಗೆ ಓಡಿ ಇಡೀ ಮಂಚ ಚೆಂಡುಹೂವಿನ ಬಣ್ಣಕ್ಕೆ ತಿರುಗಿತು.

"ಅಯ್ಯೋ, ನನ್ನ ಮಂಚಕ್ಕೆ ಕಾಮಾಲೆ ಬಂತಲ್ಲೇ!" ಎಂದು ಮುದ್ದಮ್ಮ ಎದೆ ಬಡಿದುಕೊಂಡಳು.

ಕಾಳಿಂಗಯ್ಯನವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಚೀಟಿ ನೋಡಿದೆ. ಹುಳಿಮಡಕೆ ಇದೆ. ಚುಕ್ಕಿ ಇದೆ. ಅಷ್ಟೇ ಇದೆ. ಕೊಕ್ಕೆ ಇಲ್ಲ. ಬುಟ್ಟಿಯಲ್ಲಿದ್ದ ಚೀಟಿಗಳನ್ನೆಲ್ಲ ತಿರುವಿ ಹಾಕಿದೆ. ನೂರಿಪ್ಪತ್ತು ಚೀಟಿಯಲ್ಲಿ ಒಂದಕ್ಕೂ ಕೊಕ್ಕೆ ಹಾಕಿರಲಿಲ್ಲ. ಆ ಕಾಗದ ಸಿಗಲೇಬೇಕು ಎನ್ನುವ ಆತುರದಲ್ಲಿ ಬರೆದಿದ್ದೆ. ಆತುರಗಾರರ ಚುಕ್ಕಿ ಎಲ್ಲವನ್ನೂ ತನ್ನದೇ ಅನ್ನುತ್ತದೆ.

"ಇಪ್ಪತ್ತಮೂರು ವರ್ಷದ ಕಸುಬು" ಎಂದ ಜವರಯ್ಯ. ಸೋಮವಾರದ ಮೇಲೆ ಮೊದಲ ಸಲ ಅವನ ಮುಖದಲ್ಲಿ ನಗು ಕಂಡಿತು.

"ಮುಚ್ಚೋ ಬಾಯಿ" ಎಂದು ಬೀದಿಯ ನಡುವೆಯೇ ಕೂತು ಉಳಿದ ಚೀಟಿಗಳಿಗೆಲ್ಲ ಒಂದೊಂದಾಗಿ ಕೊಕ್ಕೆ ಹಾಕಿದೆ. ಮುದ್ದಮ್ಮನ ಪಟ್ಟಿಯನ್ನು ಹುಣಸೆ ನೀರಿನಲ್ಲಿ ಒರೆಸಿ ಬಿಳಿ ಮಾಡಿ ಮತ್ತೆ ಅಂಟಿಸಿದೆ. ಈ ಸಲ ಗೇಣುದ್ದ ಮಾತ್ರ ಹಳದಿಯಾಗಿ ನಿಂತಿತು. ಬಗ್ಗಿ ಓದಿದೆ. 'ಹುಳಿಮಡಕೆ ಒಡೆದುಹೋಗಿದೆ ಸಂತೆಯಲ್ಲಿ ಇನ್ನೊಂದು ತಂದುಕೊಡು ಅಷ್ಟೇ.' ಯಾರೋ ಯಾರಿಗೋ ಹೇಳಿಕಳಿಸಿದ ಮಡಕೆ. ಜನರೆಲ್ಲ ನಕ್ಕರು. ಜವರಯ್ಯ ನಗಲಿಲ್ಲ. ಜರಡಿ ಎಂದರೆ ಹೀಗೇ. ಅದು ಮಾತು ನೋಡುತ್ತದೆ, ಮನಸ್ಸು ನೋಡುವುದಿಲ್ಲ.

ಮೊದಲ ಬೀದಿ ಮುಗಿಯಿತು. ಎರಡನೆಯದು ಮುಗಿಯುವ ಹೊತ್ತಿಗೆ ಊಟದ ಹೊತ್ತು ಮೀರಿತ್ತು. ಪುರಿ ಖಾಲಿಯಾಯಿತು. ಜನ ಒಬ್ಬೊಬ್ಬರಾಗಿ ತಮ್ಮ ಮಂಚ ಹೊತ್ತು ಒಳಗೆ ಹೋದರು. ಮೂರನೇ ಬೀದಿಯ ಕೊನೆಯ ಮಂಚಕ್ಕೆ ಚೀಟಿ ಅಂಟಿಸುವಾಗ ಬಿಸಿಲು ಓರೆಯಾಗಿತ್ತು. ಅಂಟಿಸಿದೆವು, ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು. ಕಾಳಿಂಗಯ್ಯನವರು ಕತ್ತರಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಜವರಯ್ಯ ಜಗಲಿಯ ಮೇಲೆ ಕೂತ. "ನೀನು ಸೋಮವಾರ ಹೇಳಿದ್ದೇ ನಿಜ ಬಿಡಕ್ಕ. ಬರೆದಿಲ್ಲ ಅವಳು" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಗಂಜಿಗಿಂತ ಹೆಚ್ಚಾಗಿ ಅಂಟಿಕೊಂಡಿತು. ಮಿಕ್ಕ ಚೀಟಿಗಳನ್ನು ಬುಟ್ಟಿಗೆ ಹಾಕಿಕೊಂಡೆ.

ಆಗ ಮುದ್ದಮ್ಮ ಕೇಳಿದಳು. "ಬೋರವ್ವ, ನಿನ್ನ ಮಂಚ ಎಲ್ಲೇ?"

ನನ್ನ ಮಂಚ ಮನೆಯಲ್ಲೇ ಇತ್ತು. ಬೇಕೆಂದು ಬಿಟ್ಟದ್ದಲ್ಲ. ಊರಿನವರ ಮಂಚಗಳನ್ನೆಲ್ಲ ಹೊರಗೆ ಹಾಕಿಸುತ್ತಾ ಓಡಾಡಿದವಳಿಗೆ ತಾನೂ ಒಂದರ ಮೇಲೆ ಮಲಗುತ್ತೇನೆ ಎನ್ನುವುದು ನೆನಪಾಗಲಿಲ್ಲ. ಜವರಯ್ಯ ಎದ್ದ. ನಾನೂ ಅವನೂ ಸೇರಿ ಹೊತ್ತು ತಂದು ಅಂಗಳದಲ್ಲಿ ಮಗುಚಿದೆವು. ಬುಟ್ಟಿಯಲ್ಲಿ ಚೀಟಿ ಇನ್ನೂ ಐದಾರು ಇದ್ದವು. ಒಂದನ್ನು ಅದ್ದಿದೆ. ಕೊಕ್ಕೆ ಇದೆಯೇ ಎಂದು ಎರಡು ಸಲ ನೋಡಿ ಅಂಟಿಸಿದೆ.

ತುದಿಯಲ್ಲಿ ಏನೂ ಇಲ್ಲ. ಬದಿಯಲ್ಲಿ ಏನೂ ಇಲ್ಲ. ಆಮೇಲೆ ನಟ್ಟನಡುವೆ, ನಾನು ಸೊಂಟ ಊರುವ ಜಾಗದಲ್ಲಿ, ಒಂದು ಕವಡೆ ಕಣ್ಣು ಹಳದಿಯಾಯಿತು. ಪಕ್ಕದ್ದಾಯಿತು. ಅದರ ಪಕ್ಕದ್ದಾಯಿತು. ಏಳೆಂಟು ಕಣ್ಣುಗಳಷ್ಟು ಹೋಗಿ ನಿಂತಿತು.

ಜವರಯ್ಯ ಬಗ್ಗಿ ನೋಡಿದ. ಅಕ್ಷರವನ್ನಲ್ಲ, ಹೆಣಿಗೆಯನ್ನು. "ಇದು ಎಂಟು ವರ್ಷದ ಹಿಂದೆ ಹೆಣೆದಿದ್ದು" ಎಂದ. "ಎರಡು ವರ್ಷಕ್ಕೊಂದು ಸಲ ಸಡಿಲ ಆಯ್ತು ಅಂತ ಕರೆಸ್ತಿದ್ದೆಯಲ್ಲ. ನಾಲ್ಕು ಸಲ ಎಳೆದು ಬಿಗಿದಿದ್ದೀನಿ ಇದನ್ನ. ಇದೇ ಎಳೇನ."

ಕತ್ತರಿ ಬೇಡವೆಂದ. ತುದಿಯ ಗಂಟು ಬಿಚ್ಚಿ, ಮಂಚದ ಪಟ್ಟಿಯನ್ನೆಲ್ಲ ಎಳೆ ಎಳೆಯಾಗಿ ಬಿಡಿಸಿಕೊಂಡು ನಡುವಿನ ತನಕ ಬಂದ. ಅವನು ಹೆಣೆಯುವುದನ್ನು ಎಷ್ಟೋ ಸಲ ನೋಡಿದ್ದೆ, ಬಿಚ್ಚುವುದನ್ನು ನೋಡಿರ‍ಲಿಲ್ಲ. ಹಳದಿ ಭಾಗ ಕೈಗೆ ಬಂದ ಮೇಲೆ ಕಾಳಿಂಗಯ್ಯನವರೇ ಬಂದು ಎರಡೂ ಕಡೆ ಕತ್ತರಿಸಿದರು. ಜವರಯ್ಯ ಅದನ್ನು ನನ್ನ ಕೈಗೆ ಕೊಟ್ಟ. "ನಿಧಾನಕ್ಕೆ ಓದು. ನಿನ್ನ ಮಾತಿನ ಥರ ಓಡಿಸಬೇಡ."

ಓದಿದೆ. ತೆರಪಿಲ್ಲದ ಅಕ್ಷರಗಳನ್ನು ಬಿಡಿಸಿಕೊಂಡು ನಿಧಾನವಾಗಿಯೇ ಓದಿದೆ.

'ಹುಳಿಮಡಕೆ ನೀನು ಹೋಗಿ ಮೂರು ವರ್ಷ ಆಯಿತು ನೀನು ಬಿಟ್ಟುಹೋದ ಮುದ್ದೆಯನ್ನು ನಾಯಿಗೆ ಹಾಕಿದೆ ತಿಂದು ಹೋಗಿ ನೀನು ಹೆಣೆದ ಮಂಚದ ಮೇಲೆ ಮಲಗಿತು ಆವತ್ತಿನಿಂದ ದಿನಾ ಅಲ್ಲೇ ಮಲಗುತ್ತದೆ ನಾನು ಹೇಳಿದ್ದು ಸುಳ್ಳಾಯಿತು ನಿನ್ನ ತಟ್ಟೆ ತೊಳೆದು ಬೋರಲು ಹಾಕಿದ್ದೇನೆ ಅದರಲ್ಲಿ ಯಾರಿಗೂ ಬಡಿಸಿಲ್ಲ ನಾನಾಗಿ ಕರೆಯಬೇಕು ಅಂದೆಯಲ್ಲ ಕರೆದಿದ್ದೇನೆ ಮುಂಬಾಗಿಲಲ್ಲಿ ಬಂದರೆ ಬೀದಿಯವರು ನೋಡುತ್ತಾರೆ ನಿನಗೆ ನಾಚಿಕೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ ಯಾವ ಹೊತ್ತಿಗೆ ಬಂದರೂ ಸರಿ ಅಷ್ಟೇ.'

ಜವರಯ್ಯ ಇನ್ನೊಂದು ಸಲ ಓದು ಎನ್ನಲಿಲ್ಲ. ಒಂದೇ ಸಲಕ್ಕೆ ಬಾಯಿಪಾಠವಾಗಿತ್ತು ಎಂದು ಅವನ ತುಟಿ ನೋಡಿದರೆ ತಿಳಿಯುತ್ತಿತ್ತು. "ನಾಯಿ ಮಲಗ್ತಂತೆ" ಎಂದ ಮುದ್ದಮ್ಮನಿಗೆ. "ಕೇಳಿಸ್ಕೊಂಡೆ ಕಣಪ್ಪ" ಎಂದಳು ಅವಳು, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

ಆಮೇಲೆ ನನ್ನ ಕಡೆ ತಿರುಗಿದ. "ಎಂಟು ವರ್ಷ ಆಯ್ತಲ್ಲ ಅಕ್ಕ. ಇನ್ನೂ ಚಿಲಕ ಹಾಕ್ದೆ ಇರ್ತಾಳಾ?"

ಇರುತ್ತಾಳೆ ಎಂದು ಹೇಳಿಬಿಡಬಹುದಿತ್ತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹನ್ನೊಂದು ವರ್ಷ ಹೇಳಿದ್ದು ಸಾಕಾಗಿತ್ತು. "ನನಗೇನು ಗೊತ್ತು? ಹೋಗಿ ತಳ್ಳಿ ನೋಡು."

"ನಿನ್ನ ಮಂಚ ಬಿಚ್ಚಿಬಿಟ್ಟೆ. ಹೆಣೆದುಕೊಟ್ಟು ಬೆಳಿಗ್ಗೆ ಹೋಗ್ತೀನಿ."

"ಎಂಟು ವರ್ಷ ನಿನ್ನ ಅಕ್ಕನ ಮಾತಿನ ಮೇಲೆ ಬೆನ್ನು ಹಾಕಿ ಮಲಗಿದೀನಿ ನಾನು. ಇನ್ನು ನಾಲ್ಕು ದಿನ ಚಾಪೆ ಮೇಲೆ ಮಲಗಿದ್ರೆ ಸಾಯಲ್ಲ. ನಡಿ."

"ಅಲ್ಲ ಅಕ್ಕ, ಒಂದು ಗಂಟೆ ಕೆಲಸ..."

"ಹೋಗೋ ಹುಳಿಮಡಕೆ!" ಎಂದು ಕೂಗಿದೆ. "ಈಗ ಹೊರಡ್ತೀಯೋ, ಒಳಗಿಂದ ಗಂಜಿ ಪಾತ್ರೆ ತರ್ಲೋ? ಅಷ್ಟೇ!"

ಅವನು ನಕ್ಕ. ಹಳದಿ ಪಟ್ಟಿಯನ್ನು ತಲೆಗೆ ಸುತ್ತಿಕೊಂಡು ತುದಿಯನ್ನು ಕಿವಿಯ ಹಿಂದೆ ಸಿಕ್ಕಿಸಿದ. "ಈ ಸೋಮವಾರ ಬಿಟ್ಟು ಮುಂದಿನ ಸೋಮವಾರಕ್ಕೆ ಬಂದು ಹೆಣೆದುಕೊಡ್ತೀನಿ, ಗಂಟು ಹಾಕಬೇಡ ಪಟ್ಟೀನ" ಎಂದ. ಅಂಗಿಯ ಮೇಲೆ ಗಂಜಿಯ ಕಲೆ ಹಾಗೇ ಇತ್ತು. ಮನೆಗೂ ಹೋಗಲಿಲ್ಲ. ನನ್ನ ಅಂಗಳದಿಂದಲೇ ಬೀದಿಗಿಳಿದು, ಇನ್ನೂ ಒಳಗೆ ಸೇರದ ಎರಡು ಮೂರು ಮಂಚಗಳ ನಡುವೆ ಹಾದು, ಊರ ಬಾಗಿಲಿನ ಕಡೆ ನಡೆದ. ತಿರುವಿನ ತನಕ ತಲೆಯ ಹಳದಿ ಕಾಣುತ್ತಿತ್ತು.

ಅವನು ಹೋದ ಮೇಲಿನ ಮೊದಲ ಸೋಮವಾರ ನನ್ನ ಮೇಜಿನ ಮುಂದೆ ಎಂದಿಗಿಂತ ಉದ್ದ ಸರದಿ ಇತ್ತು. ಎಲ್ಲರಿಗಿಂತ ಮುಂದೆ ಮುದ್ದಮ್ಮ. "ನಮ್ಮೆಜಮಾನರು ಬರೆದಿದ್ರೆ 'ಎಲ್ಲಿ ಸತ್ಯೇ' ಅಂತಲೇ ಶುರು ಮಾಡ್ತಿದ್ರು, ಬರಿ" ಎಂದಳು. ಕಾಳಿಂಗಯ್ಯನವರೂ ಜನ ಕರಗಿದ ಮೇಲೆ ಬಂದು, ತಮ್ಮ ಅಣ್ಣ ಬೈಯುತ್ತಿದ್ದ ಒಂದು ಮಾತನ್ನು ನನ್ನ ಕಿವಿಯಲ್ಲಿ ಹೇಳಿ ಚೀಟಿ ಬರೆಸಿಕೊಂಡರು. ಈಗ ಬಂದವರನ್ನು ನಾನು ಮೊದಲು ಕೇಳುವುದು ಹೆಸರನ್ನಲ್ಲ. ಅವರು ನಿಮ್ಮನ್ನು ಹೇಗೆ ಬೈಯುತ್ತಾರೆ ಎಂದು ಕೇಳುತ್ತೇನೆ. ಉಳಿಕೆ ಕಡಿಮೆಯಾಗಿದೆ, ಊರಲ್ಲಿ ಮಂಚಗಳು ಸಡಿಲವಾಗಿವೆ, ಬಿಗಿಯುವವರು ಇಲ್ಲ.

ಜವರಯ್ಯ ಹೇಳಿದ ಸೋಮವಾರಕ್ಕೆ ಬರಲಿಲ್ಲ. ಮುಂದಿನದಕ್ಕೂ ಬರಲಿಲ್ಲ. ಚಿಲಕ ಹಾಕಿದ್ದಿದ್ದರೆ ಮೂರು ದಿನ ಹೋಗಲು, ಮೂರು ದಿನ ಬರಲು, ಅಷ್ಟರಲ್ಲೇ ಮುಖ ಸಿಂಡರಿಸಿಕೊಂಡು ನನ್ನ ಮುಂದೆ ನಿಂತಿರುತ್ತಿದ್ದ. ನಾನು ಚಾಪೆಯ ಮೇಲೆಯೇ ಮಲಗುತ್ತೇನೆ. ಮಂಚದ ಚೌಕಟ್ಟು ಗೋಡೆಗೆ ಒರಗಿದೆ, ಪಟ್ಟಿ ಸುತ್ತಿ ಪಕ್ಕದಲ್ಲಿಟ್ಟಿದ್ದೇನೆ, ಗಂಟು ಹಾಕಿಲ್ಲ. ಹೇಳಿದ ಮಾತಿಗೆ ನಿಲ್ಲದವನು ಬಂದರೆ ಬೈಯೋಣವೆಂದು ಒಂದು ಒಳ್ಳೆಯ ಬೈಗುಳ ಹುಡುಕಿ ಇಟ್ಟುಕೊಂಡಿದ್ದೇನೆ. ಎರಡು ವರ್ಷವಾಯಿತು. ಬಂದಿಲ್ಲ.